ಬೆಲೆ ಬಿದ್ದ ವರ್ಷದ ಲೆಕ್ಕದ ಪುಸ್ತಕ

ನಮ್ಮ ವಯನಾಡಿನಲ್ಲಿ ಸಂಜೆ ಹೊತ್ತು ಇಬ್ಬರು ಎದುರಾದರೆ ಕ್ಷೇಮಸಮಾಚಾರದ ಜೊತೆಗೇ ಬರುವ ಪ್ರಶ್ನೆ ಒಂದಿದೆ: 'ಇವತ್ತು ಕಾಫಿಗೆ ಎಷ್ಟು?' ಹಿಂದೆಲ್ಲ ಕಲ್ಪೆಟ್ಟದಲ್ಲೋ ಸುಲ್ತಾನ್ ಬತ್ತೇರಿಯಲ್ಲೋ ವ್ಯಾಪಾರಿಯ ಅಂಗಡಿ ಮುಂದೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಯನ್ನು ನೋಡಿ ಬರುತ್ತಿದ್ದೆವು. ಈಗ ಅದೇ ಅಂಕಿ ಅಂಗೈಯೊಳಗಿನ ಫೋನಿಗೆ ಬರುತ್ತದೆ. ಕಾಸರಗೋಡಿನ ಕೇಳುಗರು ಕಾಫಿಯ ಜಾಗದಲ್ಲಿ ಅಡಿಕೆ ಎಂದಿಟ್ಟುಕೊಳ್ಳಿ. ನೀಲಗಿರಿಯವರು ಚಹಾ ಎಲೆ ಎನ್ನಿ, ಆದೋನಿಯ ಕಡೆಯವರು ಹತ್ತಿ ಎನ್ನಿ. ಮಾತು ಒಂದೇ. ನಾವು ಬೆಳೆದದ್ದಕ್ಕೆ ನಾವು ಕಾಣದ ಊರಿನಲ್ಲಿ ಯಾರೋ ಬೆಲೆ ಕಟ್ಟುತ್ತಾರೆ. ಆ ಬೆಲೆ ಬಿದ್ದಾಗ ಯಾರು ಯಾರು ಎಷ್ಟೆಷ್ಟು ಬೀಳುತ್ತಾರೆ ಎಂಬುದನ್ನು ಇಂದು ನಿಮ್ಮೊಡನೆ ಕುಳಿತು ಲೆಕ್ಕ ಹಾಕಬೇಕೆಂದಿದ್ದೇನೆ.

ಲೆಕ್ಕಕ್ಕೆ ನನ್ನ ಬಳಿ ಒಂದು ಪುಸ್ತಕವಿದೆ. ನಮ್ಮ ತಂದೆಯವರು ಬರೆದಿಟ್ಟದ್ದು. ನಮ್ಮದು ಹಲವು ತಲೆಮಾರಿನಿಂದ ವಯನಾಡಿನಲ್ಲಿ ನೆಲೆಸಿದ ಕನ್ನಡ ಮನೆ. ಒಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಮೂರು ಎಕರೆ ತೋಟ, ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ತಂದೆಯವರು ಪ್ರತಿ ವರ್ಷವೂ ಪುಟಕ್ಕೆ ಮೂರು ಗೆರೆ ಎಳೆದು ಗೊಬ್ಬರ, ಆಳು, ಮಾರಾಟ ಎಂದು ತಲೆಬರಹ ಕೊಟ್ಟು ಕನ್ನಡದಲ್ಲೇ ಬರೆಯುತ್ತಿದ್ದರು. 2001 ಮತ್ತು 2002ರ ಪುಟಗಳಲ್ಲಿ ಮಾರಾಟದ ಅಂಕಿ ಕುಗ್ಗಿದೆ, ಗೊಬ್ಬರದ ಅಂಕಿ ಅರ್ಧವಾಗಿದೆ. ಆಳಿನ ಸಾಲು ಖಾಲಿ. ಆ ಖಾಲಿ ಸಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಬೆಲೆ ಬಿದ್ದದ್ದು ಹೇಗೆ ಎಂದು ನೋಡೋಣ.

ಹಿರಿಯರಿಗೆ ನೆನಪಿರಬಹುದು. 1942ರ ಕಾಫಿ ಕಾಯಿದೆಯ ನಂತರ ಬಹಳ ವರ್ಷ ನಾವು ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಮಂಡಳಿ ಮಾರಿ, ಬಂದ ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. ಕಂತು ತಡವಾಗುತ್ತದೆ ಎಂದು ನಾವು ಗೊಣಗುತ್ತಿದ್ದೆವು, ಗೊಣಗಲು ಕಾರಣವೂ ಇತ್ತು. 1992ರಿಂದ ಹಂತ ಹಂತವಾಗಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಅದೇ ಸಮಯಕ್ಕೆ, 1994ರಲ್ಲಿ, ಬ್ರೆಜಿಲ್ ದೇಶದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟುಹೋಗಿ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತ್ತು. ನಮ್ಮ ಊರುಗಳಲ್ಲಿ ಜೀಪು ಬಂದವು, ಮನೆಗಳಿಗೆ ತಾರಸಿ ಬಂತು. ಮುಕ್ತ ಮಾರುಕಟ್ಟೆ ಎಂದರೆ ಇದೇ ಎಂದು ನಾವು ನಂಬಿದೆವು. ಬ್ರೆಜಿಲ್‌ನವರ ಕಷ್ಟ ನಮ್ಮ ಸುಖವಾಗಿ ಬಂದಿತ್ತು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಆದರೆ ಬೇರೊಂದು ಕಟ್ಟು ಅದಕ್ಕೂ ಮೊದಲೇ ಬಿಚ್ಚಿಹೋಗಿತ್ತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಎಂದು ಪಾಲು ಹಾಕಿಕೊಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈಯಲ್ಲಿ ನಿಂತುಹೋಯಿತು. ಆಮೇಲೆ ಬೆಳೆದವರು ಬೆಳೆದಷ್ಟು, ಮಾರಿದವರು ಮಾರಿದಷ್ಟು. ವಿಯೆಟ್ನಾಂ ದೇಶ ಹತ್ತು ಹನ್ನೆರಡು ವರ್ಷದೊಳಗೆ ರೊಬಸ್ಟಾ ಬೆಳೆದು ಬೆಳೆದು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದು ನಿಂತಿತು. ಅಲ್ಲಿ ಗುದ್ದಲಿ ಹಿಡಿದವರೂ ನಮ್ಮಂಥ ಸಣ್ಣ ರೈತರೇ. ಅವರನ್ನು ಬೈದು ಪ್ರಯೋಜನವಿಲ್ಲ.

ಫಲವನ್ನು ಅಂಕಿಯಲ್ಲಿ ಕೇಳಿ. ಅಂತರರಾಷ್ಟ್ರೀಯ ಕಾಫಿ ಸಂಘಟನೆ ಲೆಕ್ಕ ಹಾಕುವ ಸರಾಸರಿ ಬೆಲೆ 1997ರಲ್ಲಿ ಒಂದು ಪೌಂಡಿಗೆ, ಅಂದರೆ ಅರ್ಧ ಕಿಲೊಗಿಂತ ತುಸು ಕಡಿಮೆ ತೂಕಕ್ಕೆ, ಸುಮಾರು 134 ಅಮೆರಿಕನ್ ಸೆಂಟ್ ಇತ್ತು. 2001ರಲ್ಲಿ ಅದು 46 ಸೆಂಟಿಗೆ ಇಳಿಯಿತು. ಮೂರರಲ್ಲಿ ಎರಡು ಪಾಲು ಹೋಗಿ ಒಂದು ಉಳಿಯಿತು. ಕಾಫಿ ಕೈಕೊಟ್ಟರೆ ಮೆಣಸು ಹಿಡಿಯುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕಾಚಾರವಾಗಿತ್ತು. ಆ ವರ್ಷಗಳಲ್ಲಿ ಅದೂ ತಪ್ಪಿತು. 1999ರಲ್ಲಿ ಕಿಲೊಗೆ 200 ರೂಪಾಯಿ ದಾಟಿದ್ದ ಒಳ್ಳೆಮೆಣಸು ಎರಡು ಮೂರು ವರ್ಷದಲ್ಲಿ 100ರ ಕೆಳಗೆ ಬಂತು. ಬಳ್ಳಿಗೆ ಸೊರಗು ರೋಗವೂ ಸೇರಿಕೊಂಡಿತು. ಪುಲ್ಪಳ್ಳಿ ಕಡೆಯ ಬಳ್ಳಿಗಳು ಒಣಗಿ ಮರಕ್ಕೆ ಹಗ್ಗದಂತೆ ಜೋತುಬಿದ್ದದ್ದನ್ನು ಕಂಡವರು ನಿಮ್ಮಲ್ಲಿ ಇದ್ದೀರಿ.

ಈಗ ಒಂದು ಪ್ರಶ್ನೆ. ನಮ್ಮ ಬೀಜಕ್ಕೆ ಬೆಲೆ ಮೂರರಲ್ಲಿ ಒಂದಕ್ಕೆ ಇಳಿದಾಗ ಪೇಟೆಯ ಹೋಟೆಲಿನಲ್ಲಿ ಒಂದು ಲೋಟ ಕಾಫಿಯ ಬೆಲೆ ಮೂರರಲ್ಲಿ ಒಂದಕ್ಕೆ ಇಳಿಯಿತೇ? ನೀವೇ ಹೇಳಿ. ಇಳಿಯಲಿಲ್ಲ. 1990ರ ದಶಕದ ಆರಂಭದಲ್ಲಿ ಜಗತ್ತಿನ ಜನ ಅಂಗಡಿ, ಹೋಟೆಲುಗಳಲ್ಲಿ ಕಾಫಿಗಾಗಿ ವರ್ಷಕ್ಕೆ ಸುಮಾರು 3,000 ಕೋಟಿ ಡಾಲರ್ ಕೊಡುತ್ತಿದ್ದರು. ಅದರಲ್ಲಿ ಬೆಳೆಯುವ ದೇಶಗಳಿಗೆ ಬರುತ್ತಿದ್ದದ್ದು 1,000ದಿಂದ 1,200 ಕೋಟಿ. ಹತ್ತು ವರ್ಷ ಕಳೆಯುವುದರೊಳಗೆ ಜನ ಕೊಡುವ ಹಣ 7,000 ಕೋಟಿ ದಾಟಿತು. ಬೆಳೆಯುವ ದೇಶಗಳಿಗೆ ಬಂದದ್ದು ಸುಮಾರು 550 ಕೋಟಿ. ಇದೂ ಅದೇ ಸಂಘಟನೆ ಕೊಟ್ಟ ಲೆಕ್ಕ. ಮೊದಲು ರೂಪಾಯಿಯಲ್ಲಿ ಮೂವತ್ತು ನಲವತ್ತು ಪೈಸೆ ನಮ್ಮ ಕಡೆಗೆ ಬರುತ್ತಿತ್ತು. ಆಮೇಲೆ ಎಂಟು ಪೈಸೆಗಿಂತ ಕಡಿಮೆ.

ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಒಂದು ಲೋಟ ಕಾಫಿಗೆ ಬೇಕಾಗುವ ಪುಡಿ ಎಂಟು ಹತ್ತು ಗ್ರಾಂ. ಉಳಿದದ್ದೆಲ್ಲ ಹುರಿಯುವವನ ಯಂತ್ರ, ಡಬ್ಬಿ, ಜಾಹೀರಾತು, ಅಂಗಡಿಯ ಬಾಡಿಗೆ, ಬಡಿಸುವವನ ಸಂಬಳ, ಮಾಲೀಕನ ಲಾಭ. ಬೀಜ ಅಗ್ಗವಾದಾಗ ಆ ಉಳಿತಾಯ ಕುಡಿಯುವವನ ಕೈಗೆ ಹೋಗಬೇಕೆಂದೇನೂ ಇಲ್ಲ, ನಡುವೆ ನಿಂತವನ ಬಳಿಯೇ ಉಳಿಯಬಹುದು. ಅವನು ವಯನಾಡಿನ ಬೀಜ ಸಿಗದಿದ್ದರೆ ವಿಯೆಟ್ನಾಂ ಬೀಜ ಕೊಳ್ಳುತ್ತಾನೆ, ಅದೂ ಇಲ್ಲದಿದ್ದರೆ ಉಗಾಂಡದ್ದು. ನಮಗೆ ಆ ಅನುಕೂಲವಿಲ್ಲ. ಕಾಫಿ ಗಿಡವನ್ನು ಈ ವರ್ಷ ಕಿತ್ತು ಮುಂದಿನ ವರ್ಷ ನೆಡಲಾಗುವುದಿಲ್ಲ. ಮಕ್ಕಳ ಫೀಸು, ಸೊಸೈಟಿಯ ಸಾಲದ ಕಂತು ಕಾಯುವುದಿಲ್ಲ. ಕಣದಲ್ಲಿ ಒಣಗಿದ ಚೆರಿಯನ್ನು, ನಮ್ಮ ಮಲಯಾಳದ ಉಂಡಕ್ಕಾಪ್ಪಿಯನ್ನು, ಹಾಗೆಯೇ ಮೂಟೆ ಕಟ್ಟಿ ಅಂದಿನ ಬೆಲೆಗೆ ಕೊಟ್ಟು ಬರುತ್ತೇವೆ. ಐವತ್ತು ಕಿಲೊ ಚೆರಿಗೆ ಇಪ್ಪತ್ತಾರು ಇಪ್ಪತ್ತೆಂಟು ಕಿಲೊ ಬೀಜ ಬೀಳುತ್ತದೆ ಎಂದು ಗೊತ್ತಿದ್ದರೂ ಮಿಲ್ಲಿಗೆ ಒಯ್ದು ಬೀಜ ಮಾಡಿಸಿ ಕಾದು ಮಾರುವ ತ್ರಾಣ ಎಷ್ಟು ಜನರಿಗಿದೆ? ಕಾಯಬಲ್ಲವನೇ ಬೆಲೆ ಹೇಳುತ್ತಾನೆ. ಕಾಯಲಾರದವನು ಬೆಲೆ ಕೇಳುತ್ತಾನೆ. ಶ್ರೀಮಂತ ಬಡವ ಎಂಬ ಭೇದ ವ್ಯಾಪಾರದಲ್ಲಿ ಮೊದಲು ಕಾಣುವುದು ಇಲ್ಲೇ.

ಇಷ್ಟು ಹೇಳಿದರೆ ನಾವು ಬೆಳೆಗಾರರು ತಲೆದೂಗುತ್ತೇವೆ. ನಮಗೆ ಅನ್ಯಾಯವಾಯಿತು ಎನ್ನುತ್ತೇವೆ. ಆದದ್ದು ನಿಜ. ಆ ವರ್ಷಗಳಲ್ಲಿ ವಯನಾಡಿನಲ್ಲಿ ಸಾಲ ತೀರಿಸಲಾಗದೆ ಪ್ರಾಣ ಕಳೆದುಕೊಂಡ ರೈತರ ಮನೆಗಳು ನಮ್ಮ ಸುತ್ತ ಇವೆ. ಆ ಮನೆಗಳ ನೋವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಲೆಕ್ಕವನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿದರೆ ಅದು ಪೂರ್ತಿಯಾಗುವುದಿಲ್ಲ. ಆ ಖಾಲಿ ಸಾಲಿಗೆ ಬರೋಣ.

ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು ಹತ್ತಿರದ ಹಾಡಿಯ ಪಣಿಯರು. ಅವರಲ್ಲಿ ಒಬ್ಬ ಹೆಂಗಸು ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಬರುತ್ತಿದ್ದರು. ಹಣ್ಣು ಕೊಯ್ಯುವುದು, ಕಳೆ ತೆಗೆಯುವುದು, ಚಿಗುರು ಮುರಿಯುವುದು, ಗೊಬ್ಬರ ಹಾಕುವುದು, ವರ್ಷದಲ್ಲಿ ಹಲವು ತಿಂಗಳು ಅವರ ದಿನ ನಮ್ಮ ತೋಟದಲ್ಲೇ ಕಳೆಯುತ್ತಿತ್ತು. ಬೆಲೆ ಬಿದ್ದ ವರ್ಷ ತಂದೆಯವರು ಕಳೆ ತೆಗೆಸಲಿಲ್ಲ. ಹಣ್ಣನ್ನು ಮನೆಮಂದಿಯೇ ಕೊಯ್ದೆವು. ಒಂದು ಬೆಳಿಗ್ಗೆ ಆ ಹೆಂಗಸು ಅಂಗಳದ ಅಂಚಿನಲ್ಲಿ ನಿಂತು ನಮ್ಮ ತಾಯಿಯನ್ನು ಕೇಳಿದರು: 'ಪಣಿಯಿಲ್ಲೇ ಅಮ್ಮೇ?' ಕೆಲಸವಿಲ್ಲವೇ ಅಮ್ಮ ಎಂದು. ತಾಯಿ ಒಳಗಿನಿಂದ ಎರಡು ಸೇರು ಅಕ್ಕಿ ತಂದು ಕೊಟ್ಟರು. ಅವರು ತೆಗೆದುಕೊಂಡು ಹೋದರು. ಮತ್ತೆ ಕೇಳಲು ಬರಲಿಲ್ಲ. ನಾವೂ ಹೋಗಿ ವಿಚಾರಿಸಲಿಲ್ಲ.

ನೋಡಿ, ನಮಗೆ ಬಂದದ್ದು ಕಡಿಮೆ ಆದಾಯ. ಅವರಿಗೆ ಬಂದದ್ದು ಸೊನ್ನೆ. ನಮಗೆ ತೋಟ ಉಳಿದಿತ್ತು, ಹಲಸು ಬಾಳೆ ಇತ್ತು, ಹಸುವಿತ್ತು, ಅಡವಿಡಲು ಪಟ್ಟೆ ಇತ್ತು. ಲಂಡನ್ ಪೇಟೆಯಲ್ಲಿ ಬಿದ್ದ ಬೆಲೆ ವ್ಯಾಪಾರಿಯ ಮೇಲಿಂದ ಜಾರಿ, ನಮ್ಮ ಮೇಲಿಂದ ಜಾರಿ, ಕೊನೆಗೆ ಕಾಫಿಯ ಬೆಲೆ ಎಷ್ಟೆಂದು ಎಂದೂ ಕೇಳದಿದ್ದ ಆ ಹೆಂಗಸಿನ ಒಲೆಯ ಮೇಲೆ ಕುಳಿತಿತು. ವ್ಯಾಪಾರಿ ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಿದೆವು. ಅವನ ಬಳಿಯೂ ಕಾರಣವಿತ್ತು, ನಮ್ಮ ಬಳಿಯೂ ಇತ್ತು.

ಈ ಹಾಡಿಗಳಿಗೆ ಭೂಮಿ ಇಲ್ಲದಿರುವುದು ಇಂದು ನಿನ್ನೆಯದಲ್ಲ. ಮಾನಂತವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆ ನಿಮಗೆ ಗೊತ್ತು. ಮೀನ ಮಾಸದಲ್ಲಿ ಹದಿನಾಲ್ಕು ದಿನ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಅದೇ ಜಾತ್ರೆಯಲ್ಲಿ ಜಮೀನ್ದಾರರು ಪಣಿಯರ ಕೈಗೆ ಒಂದಿಷ್ಟು ಮುಂಗಡ ಕೊಟ್ಟು ಮುಂದಿನ ಒಂದು ವರ್ಷದ ದುಡಿಮೆಯನ್ನು ಕಟ್ಟಿಹಾಕಿಕೊಳ್ಳುತ್ತಿದ್ದರು. ದೇವಿಯ ಮುಂದೆ ಕೊಟ್ಟ ಮಾತು ಎಂಬ ಭಯಕ್ಕೆ ಯಾರೂ ಓಡಿಹೋಗುತ್ತಿರಲಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. ಆದಿವಾಸಿಗಳಿಂದ ಕೈತಪ್ಪಿದ ಭೂಮಿಯನ್ನು ಮರಳಿ ಕೊಡಿಸಲು ಕೇರಳದಲ್ಲಿ 1975ರಲ್ಲೇ ಕಾಯಿದೆಯಾಗಿತ್ತು. ಜೀತ ಹೋಯಿತು. ಭೂಮಿ ಬರಲಿಲ್ಲ. ಹೀಗಾಗಿ ಅವರ ಪಾಲಿಗೆ ಉಳಿದದ್ದು ದಿನಗೂಲಿ ಒಂದೇ. 2011ರ ಜನಗಣತಿಯ ಪ್ರಕಾರ ವಯನಾಡು ಜಿಲ್ಲೆಯ 8,17,420 ಜನರಲ್ಲಿ ಆದಿವಾಸಿಗಳು ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚು, ಅವರಲ್ಲಿ ಪಣಿಯರದೇ ಅತಿ ದೊಡ್ಡ ಸಮುದಾಯ. ಕೂಲಿ ನಿಂತರೆ ಇಷ್ಟು ಜನರಲ್ಲಿ ಬಹುಪಾಲು ಮನೆಗಳ ಗತಿ ಏನು ಎಂದು ಯೋಚಿಸಿ.

ಅದನ್ನು 2001ರಲ್ಲಿ ಕೇರಳ ಕಂಡಿತು. ಆ ವರ್ಷ ಆದಿವಾಸಿ ಹಾಡಿಗಳಲ್ಲಿ ಹಸಿವಿನಿಂದ ಸಾವುಗಳಾದವು. ಸಿ. ಕೆ. ಜಾನು ಅವರ ಮುಂದಾಳುತನದಲ್ಲಿ ಜನ ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಎದುರು ಗುಡಿಸಲು ಕಟ್ಟಿ 48 ದಿನ ಕುಳಿತರು. ಸರ್ಕಾರ ಭೂಮಿ ಕೊಡುತ್ತೇನೆ ಎಂದು ಒಪ್ಪಿತು. ಒಪ್ಪಿದ್ದು ನಡೆಯಲಿಲ್ಲವೆಂದು ಮುತ್ತಂಗದ ಕಾಡಿನಲ್ಲಿ ನೆಲೆ ಹೂಡಿದಾಗ 2003ರ ಫೆಬ್ರವರಿ 19ರಂದು ಗೋಲಿಬಾರಾಯಿತು. ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಸಿಬ್ಬಂದಿ ಅಂದು ತೀರಿಕೊಂಡರು. ಕಾಫಿ, ಮೆಣಸು ನೆಲಕಚ್ಚಿದ್ದ ವರ್ಷಗಳೂ ಇವೇ. ಈ ಹಸಿವಿಗೆ ಬೆಲೆ ಕುಸಿತ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಭೂಮಿಯಿಲ್ಲದಿರುವುದೇ ಮೂಲ. ಆದರೆ ಭೂಮಿಯಿಲ್ಲದವನಿಗೆ ಬೆಲೆ ಕುಸಿತ ಹೇಗೆ ತಟ್ಟುತ್ತದೆ ಎಂಬುದನ್ನು ನಾವು ನಮ್ಮ ಬೇಲಿಯ ಆಚೆಯೇ ನೋಡಿದೆವು.

ಪರಿಹಾರಗಳು ಬರಲಿಲ್ಲವೇ? ಬಂದವು. 2003ರಲ್ಲಿ ಕೇಂದ್ರ ಸರ್ಕಾರ ಬೆಲೆ ಸ್ಥಿರೀಕರಣ ನಿಧಿ ಮಾಡಿತು, ನಾಲ್ಕು ಹೆಕ್ಟೇರಿನವರೆಗಿನ ಕಾಫಿ, ಚಹಾ, ರಬ್ಬರ್, ತಂಬಾಕು ಬೆಳೆಗಾರರಿಗೆ. 2006ರಲ್ಲಿ 31 ಜಿಲ್ಲೆಗಳ ರೈತರಿಗೆ ಪ್ರಧಾನಮಂತ್ರಿ ಪ್ಯಾಕೇಜು ಬಂತು. ಕೇರಳದ ವಯನಾಡು, ಕಾಸರಗೋಡು, ಪಾಲಕ್ಕಾಡು ಮೂರೂ ಅದರಲ್ಲಿದ್ದವು. 2008ರಲ್ಲಿ ದೇಶದುದ್ದಕ್ಕೂ ಕೃಷಿ ಸಾಲ ಮನ್ನಾ ಆಯಿತು. ನಮ್ಮ ಮನೆಗೂ ಸ್ವಲ್ಪ ಉಸಿರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಸಾಲ ಮನ್ನಾ ಆಗಬೇಕಾದರೆ ಮೊದಲು ಸಾಲ ಸಿಕ್ಕಿರಬೇಕು. ಬ್ಯಾಂಕಿನಲ್ಲಿ ಸಾಲ ಸಿಗಬೇಕಾದರೆ ಭೂಮಿ ಇರಬೇಕು. ಕೂಲಿಯವರ ಪಾಲಿಗೆ ಇವು ಯಾವುವೂ ನೇರವಾಗಿ ಮುಟ್ಟಲಿಲ್ಲ. ಮುಟ್ಟಿದ್ದು ಬೇರೆ. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿಯಲ್ಲಿ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ವಯನಾಡು ಅದರಲ್ಲಿತ್ತು. ಆಳು ಸಿಗುವುದಿಲ್ಲ, ಕೂಲಿ ಏರಿತು ಎಂದು ನಾವು ಗೊಣಗಿದೆವು. ಆಳು ಸಿಗದಂತಾಯಿತು ಎಂದರೆ, ಯಾರದೋ ಅಂಗಳದಲ್ಲಿ ನಿಂತು ಕೆಲಸವಿಲ್ಲವೇ ಎಂದು ಕೇಳುವ ಅಗತ್ಯ ಅವರಿಗೆ ಸ್ವಲ್ಪ ಕಡಿಮೆಯಾಯಿತು ಎಂದೂ ಅರ್ಥ. ಇದು ನನಗೆ ಹೊಳೆಯಲು ಕೆಲವು ವರ್ಷ ಬೇಕಾಯಿತು.

ಈಗ ಕಾಲ ಮತ್ತೆ ತಿರುಗಿದ್ದನ್ನು ನೀವು ಕಂಡಿದ್ದೀರಿ. ವಿಯೆಟ್ನಾಂನಲ್ಲಿ, ಬ್ರೆಜಿಲ್‌ನಲ್ಲಿ ಬರ ಬಂದು 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ನಮ್ಮ ಊರಲ್ಲಿ ಮತ್ತೆ ನಗು ಬಂತು. ಹೆಚ್ಚು ನಕ್ಕವರು ಉಗ್ರಾಣದಲ್ಲಿ ಬೀಜ ಇಟ್ಟುಕೊಂಡಿದ್ದವರು. ಕಣದಿಂದಲೇ ಮಾರಿದ ಸಣ್ಣವರು ಅರ್ಧ ನಕ್ಕರು. ಹಾಡಿಯವರ ಕೂಲಿ ಎಷ್ಟು ಏರಿತು? ಇದಕ್ಕೆ ಉತ್ತರ ರೇಡಿಯೋದಲ್ಲಿ ನಾನು ಹೇಳಬೇಕಾಗಿಲ್ಲ. ನಿಮ್ಮ ನಿಮ್ಮ ಮನೆಯ ಪುಸ್ತಕ ತೆರೆದು ನೋಡಿ. 2020ರ ಪುಟದಲ್ಲಿ ಮಾರಾಟದ ಅಂಕಿ, ಆಳಿನ ಅಂಕಿ ಬರೆದುಕೊಳ್ಳಿ. 2025ರ ಪುಟದಲ್ಲೂ ಬರೆದುಕೊಳ್ಳಿ. ಯಾವುದು ಎಷ್ಟು ಪಟ್ಟು ಏರಿದೆ ಎಂದು ಭಾಗಿಸಿ. ಬೆಲೆ ಬಿದ್ದಾಗ ನಷ್ಟದಲ್ಲಿ ಪಾಲು ಹಾಕಿದವರಿಗೆ ಬೆಲೆ ಎದ್ದಾಗ ಲಾಭದಲ್ಲಿ ಪಾಲು ಬಂದಿದೆಯೇ?

2025ರ ನವೆಂಬರ್ 1ರಂದು ಕೇರಳ ಸರ್ಕಾರ ರಾಜ್ಯವನ್ನು ಕಡುಬಡತನ ಮುಕ್ತವೆಂದು ಘೋಷಿಸಿತು. ಸಮೀಕ್ಷೆಯಲ್ಲಿ ಗುರುತಿಸಿದ್ದು 64,006 ಕುಟುಂಬಗಳನ್ನು. ಗಡಿಯವರಾದ ನಮಗೆ ಅದು ಎರಡು ರಾಜ್ಯಗಳ ಹಬ್ಬದ ದಿನ. ಮನೆಮನೆಗೆ ಹೋಗಿ ಕಡುಬಡವರನ್ನು ಹುಡುಕಿದ್ದು ಒಳ್ಳೆಯ ಕೆಲಸ, ಅದನ್ನು ಮೆಚ್ಚಲೇಬೇಕು. ಆದಿವಾಸಿಗಳ ಸ್ಥಿತಿ ಹೀಗಿರುವಾಗ ಈ ಘೋಷಣೆ ಸರಿಯೇ ಎಂದು ಹಲವರು ಕೇಳಿದರು, ಆ ಪ್ರಶ್ನೆಯೂ ನ್ಯಾಯವಾದದ್ದೇ. ಇಷ್ಟು ಮಾತ್ರ ನಾನು ಹೇಳಬಲ್ಲೆ. ಒಂದು ಮನೆ ಇಂದು ಬಡತನದ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂದು ಅಳೆದರೆ ಸಾಲದು. ಬೆಲೆ ಬಿದ್ದ ಮರುದಿನ ಅದು ಎಲ್ಲಿರುತ್ತದೆ ಎಂದೂ ಅಳೆಯಬೇಕು.

ಕೊನೆಯದಾಗಿ ನಮಗೇ ಸೇರಿದ ಒಂದು ಮಾತು. ನಾವು ಎರಡು ಭಾಷೆ ಬಲ್ಲವರು. ವಯನಾಡಿನ ರೈತರು ಕೊಡಗು, ಮೈಸೂರು ಜಿಲ್ಲೆಗಳಲ್ಲಿ ಗುತ್ತಿಗೆಗೆ ಭೂಮಿ ಹಿಡಿದು ಶುಂಠಿ ಬೆಳೆಯುವುದು ನಿಮಗೆ ಗೊತ್ತು. ಆ ಕೆಲಸಕ್ಕೆ ಹಾಡಿಗಳಿಂದ ಜನರನ್ನು ಜೀಪಿನಲ್ಲಿ ತುಂಬಿ ಗಡಿ ದಾಟಿಸುತ್ತಾರೆ. ಅವರು ಅಲ್ಲಿ ಪ್ಲಾಸ್ಟಿಕ್ ಹೊದೆಸಿದ ಶೆಡ್ಡುಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಮಕ್ಕಳ ಶಾಲೆ ತಪ್ಪುತ್ತದೆ, ಹತ್ತಿರ ನೆಂಟರಿಲ್ಲ, ಸುತ್ತಲಿನ ಕಚೇರಿಯ ಭಾಷೆ ಬರುವುದಿಲ್ಲ. ಅವರನ್ನು ಕರೆದೊಯ್ಯುವ ಮೇಸ್ತ್ರಿ ಅನೇಕ ಸಲ ಎರಡೂ ಭಾಷೆ ಬಲ್ಲ ನಮ್ಮವನೇ. ಭಾಷೆ ಬಲ್ಲದ್ದಕ್ಕೆ ಅವನಿಗೆ ತಲೆಗಿಷ್ಟು ಎಂದು ಸಿಗುತ್ತದೆ.

ಅದೇ ಭಾಷೆಯನ್ನು ಬೇರೆ ರೀತಿಯಲ್ಲೂ ಬಳಸಬಹುದು. ಕರೆದೊಯ್ದವರ ಹೆಸರು, ಹೋದ ಊರು, ಮಾತಾದ ಕೂಲಿ, ಮರಳುವ ದಿನ ಇವನ್ನು ಎರಡೂ ಭಾಷೆಯಲ್ಲಿ ಬರೆದು ಒಂದು ಪ್ರತಿ ಹಾಡಿಯಲ್ಲಿ ಇಡಿಸಿ. ಆದ್ಯತಾ ಪಟ್ಟಿಯ ಪಡಿತರ ಚೀಟಿಗೆ ಈಗ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕರ್ನಾಟಕದ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ, ಅದನ್ನು ಅವರಿಗೆ ತಿಳಿಸಿ, ಬೇಕಾದರೆ ಅಂಗಡಿಯವರೆಗೆ ಜೊತೆಗೆ ಹೋಗಿ. ಮುಂಗಡ ಕೊಟ್ಟಿದ್ದೇನೆ, ಬಿಡುವುದಿಲ್ಲ ಎಂದು ಯಾರಾದರೂ ಹಿಡಿದಿಟ್ಟರೆ ಅದು 1976ರ ಕಾಯಿದೆಯ ಪ್ರಕಾರ ಅಪರಾಧ ಎಂದು ಕನ್ನಡದಲ್ಲಿ ಹೇಳಿ. ನಿಮ್ಮ ತೋಟದಲ್ಲಿ ಕೊಯ್ಲು ಮುಗಿದ ಮೇಲೆ ಎಷ್ಟು ದಿನ ಕೆಲಸ ಕೊಡಬಲ್ಲಿರಿ ಎಂಬುದನ್ನು ಮೊದಲೇ ಮಾತಾಡಿ, ಬೆಲೆ ಬಿದ್ದರೂ ಆ ಮಾತು ಉಳಿಸಿಕೊಳ್ಳಿ. ಬೆಲೆ ಏರಿದ ವರ್ಷ ವಿಷುವಿಗೆ ಮುಂಚೆ ಅವರ ಪಾಲೆಂದು ಒಂದಿಷ್ಟು ಕೊಡಿ, ದಾನವೆಂದಲ್ಲ, ಹಿಂದೆ ಅವರು ಹೊತ್ತ ನಷ್ಟದ ಬಾಬ್ತು ಎಂದು.

ಇದರಿಂದ ಲಂಡನ್ ಪೇಟೆ ಅಲುಗಾಡುವುದಿಲ್ಲ, ನನಗೆ ಗೊತ್ತು. ಅದಕ್ಕೆ ಸರ್ಕಾರಗಳು, ಬೆಳೆಗಾರರ ಸಂಘಗಳು, ಕಾರ್ಮಿಕ ಸಂಘಗಳು ಮಾಡಬೇಕಾದ ದೊಡ್ಡ ಕೆಲಸಗಳಿವೆ. ಆದರೆ ಮೇಲಿನವರು ನಮಗೆ ನ್ಯಾಯ ಮಾಡಲಿ ಎಂದು ಕೇಳುವ ಬಾಯಿಗೆ, ಕೆಳಗಿನವರಿಗೆ ನಾವೇನು ಮಾಡಿದೆವು ಎಂದು ಹೇಳುವ ಧೈರ್ಯವೂ ಬೇಕು.

ತಂದೆಯವರು ಹೋದ ಮೇಲೆ ಪುಸ್ತಕವನ್ನು ನಾನು ಬರೆಯುತ್ತಿದ್ದೇನೆ. ಆಳು ಎಂಬ ತಲೆಬರಹ ತೆಗೆದು ಕೆಲಸಕ್ಕೆ ಬಂದವರ ಹೆಸರುಗಳನ್ನೇ ಬರೆಯುತ್ತೇನೆ, ಹೆಸರಿನ ಮುಂದೆ ದಿನಗಳನ್ನು. ಆ ಹೆಂಗಸು ಈಗಿಲ್ಲ. ಅವರ ಮೊಮ್ಮಗಳು ಕೊಯ್ಲಿಗೆ ಬರುತ್ತಾಳೆ. ಹೋದ ವರ್ಷ ಅವಳೇ ನನ್ನನ್ನು ಕೇಳಿದಳು, ಇವತ್ತು ಕಾಫಿಗೆ ಎಷ್ಟು ಎಂದು. ನಾನು ಇದ್ದ ಬೆಲೆ ಹೇಳಿದೆ. ಆ ಸಂಜೆ ಕೂಲಿಯ ಮಾತು ನಿಂತುಕೊಂಡೇ ಆಗಲಿಲ್ಲ, ಜಗಲಿಯ ಮೇಲೆ ಕುಳಿತು ಆಯಿತು.